ಬಾಯಲ್ಲೊಂದು ಭತ್ತದ ಕಾಳು

ಬೆಳಗಿನ ಹತ್ತು ಗಂಟೆ ಹತ್ತು ನಿಮಿಷಕ್ಕೆ ಚನ್ನಬಸವರಾಜರು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಸಿರುಗುಪ್ಪದ ಅಕ್ಕಿ ಗಿರಣಿಯೊಂದಕ್ಕೆ ಅವರು ಮ್ಯಾನೇಜರ್. ಎದುರಿಗಿದ್ದವರು ಭತ್ತ ಪರೀಕ್ಷಿಸಿ ಕೊಳ್ಳುವ ಮಾಬುಸಾಬ್.

"ಸಾರ್, ದೇಶನೂರಿನ ಲೋಡು ಬಂದೈತಿ, ಭತ್ತ..."

"ಹಸಿ ಐತಿ. ವಾಪಸ್ ಕಳಸು."

"ಅಲ್ರೀ, ನಾ ಹೇಳಾಕ ಬಂದಿದ್ದು..."

"ನೀ ಏನ್ ಹೇಳ್ತಿ ಅಂತ ಗೊತ್ತೈತಿ. ಕಳಸು."

ಈ ಬೇಸಿಗೆ ಬೆಳೆಯಲ್ಲಿ ಇಷ್ಟು ಒಳ್ಳೆಯ ಭತ್ತ ಬಂದೇ ಇಲ್ಲ ಎಂದು ಮಾಬುಸಾಬರು ಹೇಳಬೇಕೆಂದಿದ್ದರು. ಲಾರಿ ಕುರುಗೋಡಿನ ಗಿರಣಿಗೆ ಹೋಯಿತು. ಅಲ್ಲಿಯವರು ಭತ್ತ ಇಳಿಸಿಕೊಂಡು, ಅದನ್ನು ಆರಿಸಿದ ಮಾಬುಸಾಬರನ್ನೂ ಕೆಲಸಕ್ಕೆ ಕರೆದರು.

ಮಾಲೀಕ ಎರ್ರಿಸ್ವಾಮಿ ಮ್ಯಾನೇಜರನ್ನು ಕರೆಸಿದರು. "ಮಾಬು ಹೋದ್ರ ಗಿರಣಿ ನಾಲಿಗಿನ ಹೋದಂಗ. ದೀಪಾವಳಿತನ ನೋಡ್ತೀನಿ ಅಂದಾನ. ಅಷ್ಟರಾಗ ಬದಲಾಗು. ಇಲ್ಲಂದ್ರ ಅವನ ಹಿಂದ ನೀನೂ..."

"ಹೋಗ್ತೀನ್ರಿ," ಎಂದರು ಚನ್ನಬಸವರಾಜ. ಆ ಮಾತನ್ನೂ ಅವರೇ ಮುಗಿಸಿದ್ದರು.

ಹಾಗೆ ಅವರು ಬಳ್ಳಾರಿಯ ಅಸ್ಮಾ ಅವರ ಬಳಿ ಹೋದರು. ಮ್ಯಾನೇಜರುಗಳ ನಡವಳಿಕೆ ತಿದ್ದುವ ಕೋಚ್ ಆಕೆ.

"ಎದುರಿನವ್ರು ಹೇಳಿದ್ದು ನೂರಕ್ಕ ಎಷ್ಟು ನಿಮ್ಮ ಕಿವಿಗೆ..."

"ತೊಂಬತ್ತೈದು."

ಮಾತು ಮುಗಿದ ಮೇಲೆ ಒಂದು ದೀರ್ಘ ಉಸಿರೆಳೆದು ಉತ್ತರಿಸಿ ಎಂದು ಅಸ್ಮಾ ಹೇಳಿಕೊಟ್ಟರು. ಆಕೆಯ ತಣ್ಣನೆಯ ಕೋಣೆಯಲ್ಲಿ ಇದು ಸೊಗಸಾಗಿ ನಡೆಯಿತು. ಗಿರಣಿಯ ತೌಡಿನ ಧೂಳಿನಲ್ಲಿ ದೀರ್ಘ ಉಸಿರೆಳೆದರೆ ಕೆಮ್ಮು ಬಂತು. ಹಮಾಲರು ನೀರು ಹಿಡಿದು ಓಡಿಬಂದರು. ಸೋಮವಾರ ಹಿಡಿದ ವ್ರತ ಬುಧವಾರಕ್ಕೆ ಬಿಟ್ಟುಹೋಯಿತು.

ಅಸ್ಮಾ ಫೋನಿನಲ್ಲಿ ಕೇಳಿದರು: "ಗಿರಣ್ಯಾಗ ನೀವು ತಾನಾಗೇ ಸುಮ್ಕಿರೋದು ಯಾವಾಗ?"

"ಯಾವತ್ತೂ ಇಲ್ಲ," ಎಂದವರು, ಮರುಗಳಿಗೆಯೇ ತಿದ್ದಿಕೊಂಡರು. "ಭತ್ತ ಕಡದು ನೋಡ್ವಾಗ."

ಕಾಳನ್ನು ಮುಂದಿನ ಹಲ್ಲುಗಳ ನಡುವೆ ಒತ್ತಿದರೆ, ಒಣಗಿದ್ದು ಕಟ್ಟೆಂದು ಮುರಿಯುತ್ತದೆ. ಹಸಿಯದು ಸದ್ದಿಲ್ಲದೆ ಚಪ್ಪಟೆಯಾಗುತ್ತದೆ. ತೇವ ಅಳೆಯುವ ಯಂತ್ರ ಬಂದ ಮೇಲೂ ಗಿರಣಿಗಳಲ್ಲಿ ಈ ರೂಢಿ ಉಳಿದಿದೆ. ಆ ಸದ್ದು ಕೇಳಬೇಕಾದರೆ ಮಾತಾಡುವಂತಿಲ್ಲ.

"ಹಂಗಾರ ಹೊಸದು ಕಲೀಬ್ಯಾಡ್ರಿ. ಇದನ್ನ ಹಿಗ್ಗಿಸ್ರಿ," ಎಂದರು ಅಸ್ಮಾ.

ಅಂದಿನಿಂದ ಮ್ಯಾನೇಜರೊಡನೆ ಮಾತಾಡಬೇಕಾದವರು ಒಂದು ಕಾಳು ತರಬೇಕಾಯಿತು. ಅವರ ಮಾತು ಮುಗಿಯುವವರೆಗೆ ಅದು ಮುರಿಯದೆ ಮ್ಯಾನೇಜರ ಹಲ್ಲುಗಳ ನಡುವೆ ಇರಬೇಕು. ಕಾವಲಿಗೆ ಮಾಬುಸಾಬ್.

"ಮತ್ತ ಮುರೀತ್ರೀ ಸಾರ್. ಇನ್ನೊಂದು ತಗೋರಿ."

ಬ್ಯಾಂಕಿನಿಂದ ಬಂದ ಅಧಿಕಾರಿಗೆ ಗೇಟಿನಲ್ಲೇ ಕಾಳು ಕೊಟ್ಟರು. ಅವರು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ನುಂಗಿದರು. ಮನೆಯಲ್ಲಿ ಭತ್ತವಿಲ್ಲದ್ದರಿಂದ ಹೆಂಡತಿ ಅಂಜನಾ ಪುಟಾಣಿ ಕೊಟ್ಟರು. ಒಂದೊಂದಾಗಿ ಮುರಿದು ಬಟ್ಟಲು ಬರಿದಾದಾಗ ಆಕೆ ಎದ್ದು, "ತಡೀರಿ, ಇನ್ನಷ್ಟು ತರ್ತೀನಿ. ನನ್ನ ಮಾತು ಈಗ ಸುರುವಾಗೈತಿ," ಎಂದರು.

ದೀಪಾವಳಿಯ ಮರುದಿನ ಮಾಬುಸಾಬ್ ತಾವೇ ಕಾಳು ಹಿಡಿದು ಬಂದು ನಿಂತರು. ಎರ್ರಿಸ್ವಾಮಿಯೂ ಅಲ್ಲಿದ್ದರು.

"ಸಾರ್, ಕುರುಗೋಡಿನವ್ರು ಮತ್ತ ಫೋನ್ ಮಾಡಿದ್ರು. ಪಗಾರ ಜಾಸ್ತಿ ಅಂದ್ರು. ನಾನೂ ವಿಚಾರ ಮಾಡ್ದೆ..."

ಇಲ್ಲಿ ಮಾಬುಸಾಬ್ ಮಾತು ನಿಲ್ಲಿಸಿ ಚಹಾ ಕುಡಿಯತೊಡಗಿದರು. ಚನ್ನಬಸವರಾಜರ ದವಡೆ ನಡುಗಿತು. ಎರ್ರಿಸ್ವಾಮಿ ಆ ದವಡೆಯಿಂದ ಕಣ್ಣು ಕೀಳಲಿಲ್ಲ. ಚಹಾ ಮುಗಿಯಿತು. ಕಾಳು ಮುರಿಯಲಿಲ್ಲ.

"...ಬರಂಗಿಲ್ಲ ಅಂದೆ. ಅಲ್ಲಿ ಮ್ಯಾನೇಜರ್ ಹೆಂಗೋ ಏನೋ. ಇವ್ರು ಈಗಿನ್ನೂ ಪಳಗಾಕ ಹತ್ಯಾರ."

ಎರ್ರಿಸ್ವಾಮಿ ನಕ್ಕರು. "ಏನಲೇ ಚನ್ನಬಸವ, ಅಸ್ಮಾ ಮೇಡಂಗ ತೊಂಬತ್ತೈದು ಅಂದಿದ್ದ್ಯಂತ. ಈಗ ನಿಜ ಹೇಳು, ನೂರಕ್ಕ ಎಷ್ಟು ಕಿವಿಗೆ ಬೀಳ್ತೈತಿ?"

ಚನ್ನಬಸವರಾಜರು ಪ್ರಶ್ನೆ ಪೂರ್ತಿ ಮುಗಿಯಲು ಬಿಟ್ಟರು. ಕಾಳನ್ನು ಹೊರತೆಗೆದು ಅಂಗೈ ಮೇಲಿಟ್ಟು ಮಾಬುಸಾಬರಿಗೆ ತೋರಿಸಿದರು. ಆಮೇಲೆ ಹೇಳಿದರು:

"ಅರವತ್ತು."