ಸೋಫಾ ಹುಡುಗಿ

ಅಮೆರಿಕದ ಗ್ಲೆಂಡೇಲಿನ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲತೊಡಗಿ ಶೂಶಾನಳಿಗೆ ಇಪ್ಪತ್ತೊಂದು ವರ್ಷವಾಯಿತು. ಯಾವ ಮುದುಕನಿಗೆ ಯಾವ ಮಾತ್ರೆ ಒಗ್ಗುವುದಿಲ್ಲ, ಯಾರ ಮಗು ಸಿರಪ್ ಉಗುಳುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಆದರೆ ಜನ ಅವಳನ್ನು ಗುರುತು ಹಿಡಿಯುವುದು ಅದಕ್ಕಲ್ಲ. ಡಾಕ್ಟರ ಚೀಟಿ ಕೊಡುತ್ತ ಮುಖ ನೋಡುತ್ತಾರೆ, ಆಮೇಲೆ ಹಲ್ಲು ಕಿರಿಯುತ್ತಾರೆ.

"ಅಯ್ಯೋ, ನೀವು ಆ ಸೋಫಾ ಹುಡುಗಿ ಅಲ್ವಾ? ಒಂದು ಫೋಟೋ, ಪ್ಲೀಸ್!"

ಅವಳಿಗೆ ಮೈಯೆಲ್ಲ ಉರಿದುಹೋಗುತ್ತದೆ. ಚೀಟಿ ಹರಿದು ಮುಖಕ್ಕೆ ಎಸೆಯೋಣವೆನ್ನಿಸುತ್ತದೆ. ಹೊಟ್ಟೆಪಾಡು ನೋಡಿ, ನಗುತ್ತಾಳೆ.

ತೊಂಬತ್ತೈದರಲ್ಲಿ ಬಂದ ಸಿನಿಮಾ ಅದು. ಶ್ರೀಮಂತರ ಮನೆಯ ಹೈಸ್ಕೂಲು ಹುಡುಗಿಯರು, ದಿನಕ್ಕೆರಡು ಜೊತೆ ಬಟ್ಟೆ, ಕೈಯಲ್ಲಿ ತುಪ್ಪಳದ ಚೀಲ, ಬಾಯಿ ಬಿಟ್ಟರೆ ಚಾಟಿ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ, ಸುಳ್ಳೇಕೆ ಹೇಳಲಿ. ಮೂವತ್ತು ವರ್ಷವಾದರೂ ಅದು ಹಳತಾಗಲಿಲ್ಲ. ಆಗ ನೋಡಿದವರು ಈಗ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತಾರೆ. ಬೇಸಿಗೆಯಲ್ಲಿ ಪಾರ್ಕಿನಲ್ಲಿ ಪರದೆ ಕಟ್ಟಿ ತೋರಿಸುತ್ತಾರೆ, ಜನ ಕಂಬಳಿ ಹಾಸಿಕೊಂಡು ಕೂತು ಮಾತುಗಳನ್ನೆಲ್ಲ ಒಟ್ಟಿಗೇ ಕೂಗುತ್ತಾರೆ. ಎಲ್ಲಕ್ಕಿಂತ ಜೋರಾಗಿ ಕೂಗುವುದು ಒಂದೇ ಮಾತನ್ನು. ಶಾಲೆಯ ಕ್ಯಾಂಟೀನಿನಲ್ಲಿ ಒಬ್ಬ ಹುಡುಗಿ ತಟ್ಟೆ ಹಿಡಿದು ಬರುತ್ತಾಳೆ, ಮೈಮೇಲೆ ದೊಡ್ಡ ದೊಡ್ಡ ಗುಲಾಬಿಯ ಸ್ವೆಟರು. ನಾಯಕಿ ಅವಳನ್ನು ಮೇಲಿಂದ ಕೆಳಗೆ ನೋಡಿ ಅನ್ನುತ್ತಾಳೆ, "ಪಾಪ! ಹಾಗಾದ್ರೆ ನಿಮ್ಮನೆ ಸೋಫಾ ಈಗ ಏನು ಹಾಕ್ಕೊಂಡಿದೆ?"

ಹುಡುಗಿಯ ಬಾಯಿ ಅರ್ಧ ತೆರೆದುಕೊಳ್ಳುತ್ತದೆ, ಕಣ್ಣು ತುಂಬುತ್ತದೆ. ಅಷ್ಟೇ, ಏಳು ಸೆಕೆಂಡು. ಎಷ್ಟು ಸಹಜವಾದ ನಟನೆ ಎಂದು ಪತ್ರಿಕೆಯವರೂ ಬರೆದರು.

ನಟನೆಯಂತೆ, ಮಣ್ಣಂತೆ! ಶೂಶಾನಳ ಮನೆಯವರು ಆರ್ಮೇನಿಯಾದ ಯೆರೆವಾನಿನಿಂದ ಬಂದು ಆಗ ಮೂರೇ ವರ್ಷ. ಗುಂಪಿನಲ್ಲಿ ನಿಲ್ಲಲು ಮಕ್ಕಳು ಬೇಕೆಂದು ಸಿನಿಮಾದವರು ಶಾಲೆಗೆ ಬಂದರು. ಅಂಥವರಿಗೆ ಬಟ್ಟೆ ಕೊಡುವುದಿಲ್ಲ, ಸ್ವಂತದ್ದೇ ಉಟ್ಟು ಬರಬೇಕು. ದೊಡ್ಡ ಹೂವಿನದು ಬೇಡ, ಕ್ಯಾಮೆರಾ ಕಣ್ಣು ಅದರ ಮೇಲೇ ಹೋಗುತ್ತದೆ ಎಂದು ಹೇಳಿಯೂ ಇದ್ದರು. ಹದಿನಾರರ ಹುಡುಗಿಗೆ ಬೇಕಾದದ್ದೇ ಅದು. ಅಜ್ಜಿ ಒಂದಿಡೀ ಚಳಿಗಾಲ ಕೂತು ಹೆಣೆದ ಸ್ವೆಟರನ್ನೇ ತೊಟ್ಟು ಹೋದಳು. ಸೋಫಾದ ಮಾತು ಯಾರೂ ಬರೆದಿಟ್ಟದ್ದಲ್ಲ. ಅವಳನ್ನು ನೋಡಿದ ಮೇಲೆ ಅಲ್ಲೇ ಹುಟ್ಟಿಸಿದ್ದು. ಅವಳಿಗೆ ಮಾತ್ರ ಹೇಳಿರಲಿಲ್ಲ.

ಇದನ್ನು ಅವಳು ಮಗಳು ಲುಸೀನಳಿಗೂ ಹೇಳಿರಲಿಲ್ಲ. "ನಮ್ಮಮ್ಮ ಆ ಸಿನಿಮಾದಲ್ಲಿ ಆಕ್ಟ್ ಮಾಡಿದಾಳೆ" ಎಂದು ಮಗಳು ಊರೆಲ್ಲ ಸಾರಿಕೊಂಡು ಬರುತ್ತಿದ್ದಳು. ಮಗಳ ಕಣ್ಣಲ್ಲಿ ತನಗೆ ಇದ್ದ ದೊಡ್ಡಸ್ತಿಕೆ ಅದೊಂದೇ. ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಕಳೆದ ಮಂಗಳವಾರ ಮಧ್ಯಾಹ್ನ ಮಗಳ ಶಾಲೆಯಿಂದ ಕರೆ ಬಂತು. ಶೂಶಾನ್ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿದಳು. ಆಫೀಸಿನ ಹೊರಗೆ ಬೆಂಚಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು, ಅಳತೆ ಮೀರಿದ ಹಸಿರು ಕೋಟಿನೊಳಗೆ ಮುದುಡಿಕೊಂಡು. ಇಟ್ಸೆಲ್ ಎಂದು ಹೆಸರು, ಗ್ವಾಟೆಮಾಲಾದಿಂದ ಬಂದು ಎರಡು ವಾರ. ಒಳಗೆ ಲುಸೀನ್ ಕಾಲು ಅಲ್ಲಾಡಿಸುತ್ತ ಕೂತಿದ್ದಳು.

"ಕ್ಯಾಂಟೀನಿನಲ್ಲಿ ಎಲ್ಲರೆದುರಿಗೆ ಆ ಹುಡುಗೀಗೆ ಸೋಫಾ ಡೈಲಾಗ್ ಹೊಡೆದಿದಾಳೆ ನಿಮ್ಮ ಮಗಳು. ಇಡೀ ಕ್ಯಾಂಟೀನ್ ಕೂಗಿದೆ" ಎಂದರು ಉಪಪ್ರಾಂಶುಪಾಲೆ ಮಿಸೆಸ್ ಪ್ರೆಂಟಿಸ್. ಹೇಳುವಾಗಲೇ ಅವರ ತುಟಿಯಂಚು ಕುಣಿಯಿತು. "ತಪ್ಪೇ, ಬಿಡಿ. ಆದ್ರೆ ಮೇಡಂ, ಸಿನಿಮಾದಲ್ಲಿರೋ ಹುಡುಗಿ ನೀವೇ ಅಂತಲ್ಲ? ನಾನು ಕಾಲೇಜಲ್ಲಿದ್ದಾಗ ಒಂಬತ್ತು ಸಲ ನೋಡಿದ್ದೆ!"

"ತಮಾಷೆಗೆ ಅಂದಿದ್ದು ಅಮ್ಮಾ," ಎಂದಳು ಲುಸೀನ್. "ನಿನ್ನ ಸಿನಿಮಾದ್ದೇ ತಾನೇ? ನಿಂಗೇ ಅಂದಿದ್ದಲ್ವಾ? ನೀನೇನು ಸತ್ತುಹೋದ್ಯಾ?"

ಶೂಶಾನಳಿಗೆ ಸಿಟ್ಟು ನೆತ್ತಿಗೇರಿತು. ಮೇಜಿನ ಮೇಲೆ ಅಂಗೈ ಬಡಿದಳು, ಪೆನ್ನುಗಳು ಹಾರಿದವು.

"ಬಾಯ್ಮುಚ್ಚು! ಅದು ಆಕ್ಟಿಂಗ್ ಅಲ್ಲ ಕಣೇ. ನಂಗೆ ಯಾರೂ ಹೇಳಿರ್ಲಿಲ್ಲ. ನಿಮ್ಮ ಮುತ್ತಜ್ಜಿ ಹೆಣೆದ ಸ್ವೆಟರ್ ಅದು. ನನ್ನ ನೋಡೇ ನಕ್ಕಿದ್ದು ಅವ್ರು, ನನ್ನ, ನನ್ನ ಮೈನ!" ಮಿಸೆಸ್ ಪ್ರೆಂಟಿಸ್ ಕಡೆ ತಿರುಗಿದಳು. "ನೀವು ಒಂಬತ್ತು ಸಲ ನಕ್ಕಿದ್ದೂ ನನ್ನ ನೋಡೇ."

ಮಿಸೆಸ್ ಪ್ರೆಂಟಿಸ್ ಪೆನ್ನು ಆರಿಸಲು ಬಗ್ಗಿದರು, ಬೇಗ ಏಳಲಿಲ್ಲ.

ಲುಸೀನಳ ಕಾಲು ನಿಂತಿತು. "ಮತ್ತೆ ನೀನ್ಯಾಕೆ ಬಿಟ್ಟು ಬರ್ಲಿಲ್ಲ?" ಎಂದು ಕೇಳಿದಳು.

"ಹೇಗೆ ಬರೋದು? 'ಚೆನ್ನಾಗಿತ್ತು, ಇನ್ನೊಂದ್ ಸಲ' ಅಂದ್ರು ಡೈರೆಕ್ಟ್ರು. ತಟ್ಟೆ ತಗೊಂಡು ಬಾಗಿಲ ಹತ್ರ ಹೋಗಿ ನಿಂತೆ. ಮತ್ತೆ ನಡ್ಕೊಂಡು ಬಂದೆ, ಮತ್ತೆ ಅದೇ ಮಾತಂದ್ರು, ಎಲ್ರೂ ಮತ್ತೆ ನಕ್ರು. ಹನ್ನೊಂದ್ ಸಲ ಬಂದೆ. ಹನ್ನೊಂದ್ ಸಲಾನೂ ಅದೇ ಸ್ವೆಟರ್ರು."

ಲುಸೀನ್ ಅತ್ತಳು. ಅಳಲಿ ಎಂದು ಶೂಶಾನ್ ಬಿಟ್ಟಳು. ಆಮೇಲೆ ಬಾಗಿಲಿನ ಕಡೆ ಕೈತೋರಿದಳು.

"ಅಲ್ಲಿ ಕೂತಿದಾಳೆ. ಹೋಗು."

ಲುಸೀನ್ ಎದ್ದಳು, ಬಾಗಿಲವರೆಗೆ ಹೋಗಿ ನಿಂತಳು. "ಹೋಗಿ ಏನಂತ ಹೇಳ್ಲಿ ಅಮ್ಮಾ?"

"ನಂಗೇನೇ ಗೊತ್ತು?" ಎಂದಳು ಶೂಶಾನ್. "ನಂಗೆ ಇವತ್ತಿನವರೆಗೂ ಯಾರೂ ಬಂದು ಹೇಳಿಲ್ಲ."