ಪೆಡಲಿನ ಮೇಲೆ ಅಕ್ಕನ ಕಾಲು

ನಿವೃತ್ತರಾದ ಮೇಷ್ಟರು ತಮ್ಮ ಹಳೆಯ ಕಾರನ್ನು ಇಬ್ಬರು ದಾರಿಹೋಕರಿಂದ ತಳ್ಳಿಸಿಕೊಂಡು ಗಿಡ್ಡಣ್ಣನ ಶೆಡ್ಡಿಗೆ ಬಂದದ್ದೇ ಅವರಿಬ್ಬರ ಮೊದಲ ಭೇಟಿ. ಗಿಡ್ಡಣ್ಣನೆಂದರೆ ಆರಡಿ ಎತ್ತರದ ಆಳು. ಎಳವೆಯಲ್ಲಿ ಅಂಟಿದ ಹೆಸರು, ಅವನು ಬೆಳೆದರೂ ತಾನು ಬೆಳೆಯದೆ ಉಳಿದಿತ್ತು. ಅವನು ಕ್ಲಚ್ ಪೆಡಲನ್ನು ಕೈಯಿಂದ ಅದುಮಿದ. ಅದು ಕೆಳಕ್ಕೆ ಹೋದದ್ದು ಮೇಲೇಳಲಿಲ್ಲ. ಪೈಪಿನಲ್ಲಿ ಗಾಳಿ ಸೇರಿದೆ, ಎಣ್ಣೆಯೂ ಕೆಸರಿನ ಬಣ್ಣಕ್ಕೆ ತಿರುಗಿದೆ, ಬದಲಿಸಬೇಕು ಎಂದ.

ಆ ಕಾರಿನ ಕ್ಲಚ್ಚಿಗೆ ತಂತಿಯಿಲ್ಲ. ಪೆಡಲ್ ಒತ್ತಿದ ಬಲವನ್ನು ಪೈಪಿನೊಳಗಿನ ಎಣ್ಣೆಯೇ ಗೇರ್‌ಬಾಕ್ಸಿನವರೆಗೆ ಒಯ್ಯುತ್ತದೆ. ನಡುವೆ ಗಾಳಿಯ ಗುಳ್ಳೆ ಸೇರಿದರೆ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಆ ಗಾಳಿಯನ್ನು ಹೊರಹಾಕಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕಾರಿನಡಿ ಮಲಗಿ ಪೈಪಿನ ತುದಿಯ ಸಣ್ಣ ನಿಪ್ಪಲ್ಲನ್ನು ಸಡಿಲಿಸಿ, ಗಾಳಿಯೂ ಹಳೆಯ ಎಣ್ಣೆಯೂ ಬಂದ ಮೇಲೆ ಮತ್ತೆ ಬಿಗಿಯಬೇಕು. ಬಿಗಿಯುವ ಮುನ್ನ ಪೆಡಲಿನಿಂದ ಕಾಲೆತ್ತಿದರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಆ ಶೆಡ್ಡಿನಲ್ಲಿ ಪೆಡಲಿನ ಕೆಲಸ ಗಿಡ್ಡಣ್ಣನ ಅಕ್ಕನದು. ಶೆಡ್ಡಿಗೆ ಹೊಂದಿಕೊಂಡ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್. ತಮ್ಮ ಕೂಗಿದರೆ ದಾರವನ್ನು ಹಲ್ಲಿನಿಂದ ಕಚ್ಚಿ ಕಡಿದು ಬರುತ್ತಿದ್ದಳು. ಅಪ್ಪ ಶೆಡ್ಡು ನಡೆಸುತ್ತಿದ್ದ ಕಾಲದಲ್ಲಿ, ಕಾಲು ಎಟುಕದಿದ್ದಾಗಲೂ ಸೀಟಿನ ತುದಿಗೆ ಜಾರಿ ಕುಳಿತು ಒತ್ತಿದವಳು. ಅಡಿಯಿಂದ "ಒತ್ತು" ಎಂದರೆ ಒತ್ತಿ "ಹಿಡಿದೆ" ಎನ್ನುವಳು. "ಬಿಡು" ಎನ್ನುವ ತನಕ ಕಾಲು ಕದಲುತ್ತಿರಲಿಲ್ಲ.

ಅಂದು ಇಪ್ಪತ್ತು ಮೂವತ್ತು ಬಾರಿ ಒತ್ತಿ ಬಿಟ್ಟದ್ದಾಯಿತು. ಹೊಸ ಎಣ್ಣೆ ಬಂತು ಎನ್ನುವಷ್ಟರಲ್ಲಿ ನಿಪ್ಪಲ್ಲಿಗೆ ಸಿಕ್ಕಿಸಿದ್ದ ನಳಿಕೆಯಲ್ಲಿ ಮತ್ತೆ ಗುಳ್ಳೆಗಳು ಬುಳಬುಳ ಎದ್ದವು. ಹೊಸ ಗಿರಾಕಿ ನೋಡುತ್ತಾ ನಿಂತಿದ್ದಾರೆ. ಗಿಡ್ಡಣ್ಣನಿಗೆ ಸಿಟ್ಟು ನೆತ್ತಿಗೇರಿತು.

"ಮುಚ್ಚೋಕೆ ಮೊದಲೇ ಕಾಲೆತ್ತಿದ್ರೆ ಇನ್ನೇನಾಗುತ್ತೆ ಅಕ್ಕ? ಇದೇನು ನಿನ್ನ ಹೊಲಿಗೆ ಮಿಷನ್ ಅಂದ್ಕೊಂಡ್ಯಾ, ದಡದಡ ತುಳಿಯೋಕೆ?"

ಅಕ್ಕ ಒತ್ತಿದ ಕಾಲನ್ನು ಹಾಗೆಯೇ ಇಟ್ಟುಕೊಂಡು ಕುಳಿತಳು. ಮೇಷ್ಟರು ಮುಜುಗರದಿಂದ ಬೀದಿಯ ಕಡೆ ಮುಖ ತಿರುಗಿಸಿದರು. ಗಿಡ್ಡಣ್ಣ ಅಡಿಯಿಂದ ಎದ್ದು ಬಂದು, ಎತ್ತಿ ನಿಲ್ಲಿಸಿದ್ದ ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿದ. ಪೈಪಿಗೆ ಎಣ್ಣೆ ಒದಗಿಸುವ ಡಬ್ಬಿಯ ತಳ ಕಾಣುತ್ತಿತ್ತು. ಆಗಾಗ ಎದ್ದು ಅದನ್ನು ತುಂಬಬೇಕಾದವನು ಅವನೇ. ಮಲಗಿದ ಜಾಗದಿಂದ ಏಳಲಾರದ ಸೋಮಾರಿತನದಲ್ಲಿ ಮರೆತಿದ್ದ. ಖಾಲಿ ಡಬ್ಬಿಯಿಂದ ಪೈಪು ಗಾಳಿಯನ್ನೇ ಹೀರಿಕೊಂಡಿತ್ತು.

ಅವನ ಕಿವಿ ಬಿಸಿಯಾಯಿತು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡ. ಸದ್ದಾಗದಂತೆ ಡಬ್ಬಿ ತುಂಬಿ, ಮುಚ್ಚಳ ತಿರುಗಿಸಿ, ಮತ್ತೆ ಅಡಿಗೆ ಸೇರಿದ. ಈ ಬಾರಿ ಕೆಲಸ ಸರಿಯಾಯಿತು. "ಹಿಡಿದೆ" ಎನ್ನುವ ಅಕ್ಕನ ದನಿ ಮಾತ್ರ ಕಾರಿನಡಿಗೆ ಕೇಳಿಯೂ ಕೇಳದಷ್ಟು ಇಳಿದಿತ್ತು.

ಮರುದಿನ ಅವನು ಕೂಗಿದಾಗ ಅಕ್ಕ, ಕೈತುಂಬ ಹೊಲಿಗೆಯಿದೆ ಎಂದಳು. ಅದರ ಮರುದಿನವೂ ಅದೇ ಉತ್ತರ. ಮೂರನೆಯ ಸಲ ಕೂಗಲು ಅವನಿಗೆ ಮುಖವಿರಲಿಲ್ಲ. ಒಂದು ಕೋಲನ್ನು ಅಳತೆಗೆ ಕೊಯ್ದುಕೊಂಡ. ಪೆಡಲನ್ನು ಕೈಯಿಂದ ಅದುಮಿ, ಸೀಟಿಗೂ ಅದಕ್ಕೂ ನಡುವೆ ಕೋಲು ಸಿಕ್ಕಿಸಿ, ಕಾರಿನಡಿಗೆ ಓಡುವುದು. ನಿಪ್ಪಲ್ ಬಿಗಿದು ಮತ್ತೆ ಮೇಲಕ್ಕೆ ಓಡುವುದು. ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಮನೆಯಲ್ಲಿ ಅಕ್ಕ ತಮ್ಮ ಜೊತೆಯಲ್ಲೇ ಉಣ್ಣುತ್ತಿದ್ದರು, ಊರ ಸುದ್ದಿಯನ್ನೆಲ್ಲ ಆಡುತ್ತಿದ್ದರು. ಶೆಡ್ಡಿನ ಮಾತು ಬಂದರೆ ಮಾತ್ರ ಇಬ್ಬರೂ ತಟ್ಟೆ ನೋಡಿಕೊಳ್ಳುತ್ತಿದ್ದರು. ಅಂದಿನ ತಪ್ಪು ತನ್ನದೆಂದು ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಾ ಗಿಡ್ಡಣ್ಣ ಎರಡು ವರ್ಷ ಕಳೆದ.

ಎಣ್ಣೆ ಬದಲಿಸುವ ಹೊತ್ತಾಯಿತೆಂದು ಮೇಷ್ಟರು ಮತ್ತೆ ಬಂದರು. ಕೋಲು ಹಿಡಿದು ಓಡಾಡುವ ಉದ್ದನೆಯ ಆಳನ್ನು ಸ್ವಲ್ಪ ಹೊತ್ತು ನೋಡಿ, ತಾವೇ ಚಪ್ಪಲಿ ಬಿಟ್ಟು ಸೀಟಿನಲ್ಲಿ ಕುಳಿತರು. ತಪ್ಪಿದರೆ ಬೈಯಬೇಡಪ್ಪ ಎಂದು ನಕ್ಕರು. ಗಿಡ್ಡಣ್ಣನಿಗೆ ನಗು ಬರಲಿಲ್ಲ. ಹತ್ತು ಸಲ ಒತ್ತಿ ಬಿಟ್ಟ ಮೇಲೆ ಮೇಷ್ಟರು ಸಹಜವಾಗಿಯೇ ಅಂದರು:

"ಇಲ್ಲಿ ಕೂತ್ರೆ ಕಣ್ಣಿಗೆ ಕಾಣೋದು ಬಾನೆಟ್ ಒಂದೇ ಕಣಯ್ಯಾ. ಮಿಕ್ಕಿದ್ದಕ್ಕೆಲ್ಲ ನಿನ್ನ ಮಾತನ್ನೇ ನಂಬ್ಕೋಬೇಕು."

ಕಾರಿನಡಿ ಸ್ಪ್ಯಾನರನ್ನು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಗಿಡ್ಡಣ್ಣ ಮೆಲ್ಲನೆ ಹೊರಗೆ ಬಂದ. ಮಸಿ ಬಟ್ಟೆಯಲ್ಲಿ ಕೈ ಒರೆಸಿದ, ಒರೆಸುತ್ತಲೇ ಇದ್ದ.

"ಅವತ್ತು ಅಕ್ಕ ಕಾಲೆತ್ತಿರಲಿಲ್ಲ ಸರ್. ಡಬ್ಬಿ ಖಾಲಿ ಬಿಟ್ಟಿದ್ದು ನಾನು. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ."

ಕೋಣೆಯ ಕಿಟಕಿ ತೆರೆದೇ ಇತ್ತು. ಒಳಗೆ ಮಿಷನ್ನಿನ ಸದ್ದು ನಿಂತಿತು. ಅಕ್ಕ ಬಾಗಿಲಿಗೆ ಬಂದಳು, ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು.

"ನಂಗೆ ಅವತ್ತೇ ಗೊತ್ತಿತ್ತು ಕಣೋ. ಒತ್ತಿದ ಕಾಲಿಗೆ ತಿಳಿಯಲ್ವಾ? ಇದ್ದಕ್ಕಿದ್ದ ಹಾಗೆ ಪೆಡಲ್ ಟೊಳ್ಳಾಯ್ತು, ಡಬ್ಬಿ ಖಾಲಿ ಅಂತ ಆಗಲೇ ತಿಳೀತು."

"ಮತ್ತೆ ಹೇಳ್ಬಾರದಿತ್ತಾ?"

"ಹೊಸಬರ ಮುಂದೆ ನಿನ್ನ ಮಾನ ಯಾಕೆ ತೆಗೀಲಿ? ಸಂಜೆ ನೀನೇ ಹೇಳ್ತೀಯ ಅಂತ ಕಾದೆ. ಸಂಜೆ ಬರೋದಕ್ಕೆ ಎರಡು ವರ್ಷ ಆಯ್ತು ನೋಡು."

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ತಾನು ಅವಳ ಮಾನ ಕಳೆದ ಹೊತ್ತಿನಲ್ಲೇ ಅವಳು ತನ್ನ ಮಾನ ಕಾಯುತ್ತಿದ್ದಳು ಎಂದು ತಿಳಿದಾಗ, ಆ ಆರಡಿಯ ಆಳು ಹೆಸರಿಗೆ ತಕ್ಕಷ್ಟೇ ಕುಗ್ಗಿ ನಿಂತ. ಅಕ್ಕ ಮೇಷ್ಟರನ್ನು ಸೀಟಿನಿಂದ ಎಬ್ಬಿಸಿ, ಮುಖ ಗಂಟಿಕ್ಕಿಕೊಂಡೇ ಕುಳಿತು ಪೆಡಲಿನ ಮೇಲೆ ಕಾಲಿಟ್ಟಳು.

ಈಗಲೂ ಆ ಶೆಡ್ಡಿನಲ್ಲಿ ಇಬ್ಬರೂ ಕೆಲಸ ಮಾಡುತ್ತಾರೆ. ಆದರೆ ಅಪ್ಪನ ಕಾಲದ ಕೂಗಿಗೆ ಗಿಡ್ಡಣ್ಣ ತನ್ನದೊಂದು ಸೇರಿಸಿಕೊಂಡಿದ್ದಾನೆ. ಪ್ರತಿ ಐದು ಸಲಕ್ಕೊಮ್ಮೆ ಅಡಿಯಿಂದ ಎದ್ದು ಬಂದು ಡಬ್ಬಿ ನೋಡಿ, ಸೀಟಿಗೆ ಕೇಳುವಂತೆ "ಎಣ್ಣೆ ಹಾಕಿದೆ" ಎನ್ನುತ್ತಾನೆ. ಮೊನ್ನೆ ಟ್ಯಾಕ್ಸಿಯವನೊಬ್ಬ, ಡಬ್ಬಿಗೂ ಹಾಜರಿ ಕೂಗಬೇಕೇ ಎಂದು ತಮಾಷೆ ಮಾಡಿದ. ಅಕ್ಕ ನಕ್ಕುಬಿಟ್ಟಳು. ಗಿಡ್ಡಣ್ಣ ಕೆಂಪಾದ ಕಿವಿಗಳನ್ನು ಹೊತ್ತುಕೊಂಡು ಮತ್ತೆ ಕಾರಿನಡಿಗೆ ಜಾರಿ, "ಒತ್ತು" ಎಂದ.