ಅಕ್ಕೋರು ಅತ್ತ ಪುಟ

ದಾವೂದ್, ನಿನ್ನ ಕಾದಂಬರಿಯನ್ನು ಓದದೆಯೇ ನಾನು ಅದಕ್ಕೆ ಮುನ್ನುಡಿ ಬರೆದೆ. ನೂರ ಎಂಬತ್ತಾರು ಪುಟಗಳಲ್ಲಿ ಓದಿದ್ದು ಮೊದಲ ನಲವತ್ತು — ಅಷ್ಟೇ.

ಆಗಷ್ಟೇ ಶಾಲೆಯಿಂದ ನಿವೃತ್ತಳಾಗಿದ್ದೆ. ಶಿರಸಿ ಸೀಮೆಯಲ್ಲಿ ಯಾರು ಪುಸ್ತಕ ತಂದರೂ ಮುನ್ನುಡಿಗೆ ನನ್ನ ಮನೆ ಬಾಗಿಲಿಗೆ ಬರುತ್ತಿದ್ದರು. ನನಗೂ ಅದರ ಅಮಲು ಏರಿತ್ತು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕಲ್ಲ ಎಂಬ ಜಂಬ. ನೀನೋ, ಯಲ್ಲಾಪುರದಿಂದ ಲಾರಿ ಓಡಿಸುತ್ತ, ಲೋಡಿಂಗಿಗೆ ಕಾಯುವ ಹೊತ್ತಿನಲ್ಲಿ ನಾಲ್ಕು ವರ್ಷ ಬರೆದವನು. ವಿಜ್ಞಾನ ಕಲಿಸಿದ ಅಕ್ಕೋರೇ ಮುನ್ನುಡಿ ಬರೆಯಬೇಕೆಂದು ಹಠ ಹಿಡಿದೆ. ನಿನ್ನ ಕಥೆಯಲ್ಲಿ, ಇಡಗುಂದಿಯ ತಿರುವಿನಲ್ಲಿ ಲಾರಿಯೊಂದು ಪಕ್ಕದ ವಿಶ್ವಕ್ಕೆ ಹೊರಳುತ್ತದೆ. ಇಲ್ಲಿ ತೀರಿಹೋದ ತಂಗಿ ಅಲ್ಲಿ ಬದುಕಿದ್ದಾಳೆಂದು ಚಾಲಕನಿಗೆ ತಿಳಿಯುತ್ತದೆ — ಇಷ್ಟು ಓದಿ, ಮುಂದಿನದನ್ನು ನಾನೇ ಊಹಿಸಿಕೊಂಡೆ. ‘ಅಣ್ಣ ತಂಗಿ ಒಂದಾಗುವ ಕೊನೆಯ ಪುಟದಲ್ಲಿ ನನಗೆ ಅಳು ತಡೆಯಲಾಗಲಿಲ್ಲ’ ಎಂದು ಬರೆದುಬಿಟ್ಟೆ.

ನಿನ್ನ ಪುಸ್ತಕದಲ್ಲಿ ಅವರು ಒಂದಾಗುವುದೇ ಇಲ್ಲ.

ಪುಸ್ತಕ ಅಚ್ಚಾಗಿ ಬಂದ ಮೇಲೆ ವಾಚನಾಲಯದ ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು, “ಅಕ್ಕೋರು ಅತ್ತಿದ್ದು ಯಾವ ಪುಟಕ್ಕೆ?” ಎಲ್ಲರೂ ನಕ್ಕರು. ನಾನು ಬಾಯಿ ತೆರೆಯುವ ಮೊದಲೇ — ಇಲ್ಲ, ನಾನು ತೆರೆಯುತ್ತಲೇ ಇರಲಿಲ್ಲ — ನೀನು ಎದ್ದು ನಿಂತೆ.

“ಅಕ್ಕೋರು ಓದಿದ್ದು ಮೊದಲಿನ ಪ್ರತಿ. ಆಮ್ಯಾಲ ಕೊನಿ ನಾನೇ ಬದ್ಲು ಮಾಡಿದೆ. ತಪ್ಪು ನಂದ್ರಿ.”

ನಾನು ಹೌದೆಂದು ತಲೆಯಾಡಿಸಿದೆ. ಚೆಂದದ ಕೊನೆಯನ್ನು ಕೈಯಾರೆ ಕೆಡಿಸಿಕೊಂಡ ಎಂದು ಅಂದಿನಿಂದ ಜನ ನಿನ್ನನ್ನು ಆಡಿಕೊಂಡರು. ಆರು ವರ್ಷ ನಾನು ಅದನ್ನು ಕೇಳಿಸಿಕೊಂಡು ಸುಮ್ಮನಿದ್ದೆ.

ಹೋದ ತಿಂಗಳು ಎಕ್ಕಂಬಿಯ ಚಹಾ ಅಂಗಡಿಯೆದುರು ನೀನು ಸಿಕ್ಕೆ. ಹೊಸದೇನು ಬರೆಯುತ್ತಿದ್ದೀ ಎಂದು ಕೇಳಿದೆ — ಯಾವ ಮುಖ ಇಟ್ಟುಕೊಂಡು ಕೇಳಿದೆನೋ.

“ಬರಿಯೂದು ಬಿಟ್ಟೇನ್ರಿ ಅಕ್ಕೋರ. ನನಗ ಕಥಿ ಮುಗಸಾಕ ಬರೂದಿಲ್ಲ.”

ನನ್ನ ಮಾನ ಉಳಿಸಲು ನೀನು ಹೇಳಿದ ಸುಳ್ಳನ್ನು ಊರು ನಂಬಿತು, ಸರಿ. ಊರಿನ ಮಾತನ್ನು ನೀನೂ ನಂಬಿಬಿಟ್ಟಿದ್ದೆ. ಬಸ್ಸಿನಲ್ಲಿ ಬರುವಾಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮನೆಗೆ ಬಂದು ಪುಸ್ತಕ ತೆಗೆದೆ. ಈ ಸಲ ಒಂದಗುಳನ್ನೂ ಬಿಡಲಿಲ್ಲ. ಮುಲಾಜಿಲ್ಲದೆ ಹೇಳುತ್ತೇನೆ — ನಿರಾಸೆಯಾಯಿತು. ಎರಡು ವಿಶ್ವ ಸಾಲದೆಂದು ಹದಿಮೂರು ತಂದು ಸುರಿದಿದ್ದೀಯ. ನೂರನೆಯ ಪುಟದ ಹೊತ್ತಿಗೆ ಯಾವ ವಿಶ್ವದಲ್ಲಿ ಯಾರ ಲಾರಿ ಎಂಬುದು ನಿನಗೇ ಗೊತ್ತಿದ್ದಂತಿಲ್ಲ. ಅಂದೇ ಓದಿದ್ದರೆ ಹನ್ನೊಂದನ್ನು ಹೊಡೆದುಹಾಕಿಸುತ್ತಿದ್ದೆ. ಅದು ನನ್ನ ಕೆಲಸವಾಗಿತ್ತು, ಮಾಡಲಿಲ್ಲ.

ಆದರೆ ಆ ಕೊನೆ — ತಂಗಿ ಅಣ್ಣನನ್ನು ಗುರುತಿಸುವುದಿಲ್ಲ. ಯಾರೋ ದಾರಿಹೋಕನೆಂದು ಬೆಲ್ಲ, ನೀರು ಕೊಡುತ್ತಾಳೆ. ಘಟ್ಟದಲ್ಲಿ ಸಾವಕಾಶ ಹೋಗಿ ಎನ್ನುತ್ತಾಳೆ. ಅವನು ನೀರು ಕುಡಿದು, ಏನೂ ಹೇಳದೆ ಲಾರಿ ತಿರುಗಿಸುತ್ತಾನೆ. ಊರೆಲ್ಲ ಆಡಿಕೊಂಡ ಕೊನೆ ಅದು. ಪುಸ್ತಕದಲ್ಲಿ ನಿಜಕ್ಕೂ ಚೆನ್ನಾಗಿರುವುದೂ ಅದೇ. ನಿನಗೆ ಕಥೆ ಮುಗಿಸಲು ಬರುತ್ತದೆ, ದಾವೂದ್. ನಡುವಿನದನ್ನು ಕಲಿಯಬಹುದು, ಕಲಿಸಬಹುದು.

ಪುಸ್ತಕದ ಅಂಚಿನ ತುಂಬ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನಿನ್ನ ಕೈಗೆ ಕೊಡುತ್ತೇನೆ. ಬರುವ ಭಾನುವಾರ ಅದೇ ವಾಚನಾಲಯದಲ್ಲಿ, ಅದೇ ಜನರೆದುರು ಈ ಪತ್ರವನ್ನು ಓದುತ್ತೇನೆ. ಕ್ಷಮಿಸುವುದು, ಬಿಡುವುದು ನಿನಗೆ ಸೇರಿದ್ದು. ನೀನು ಬಾ, ಸಾಕು. ಅಕ್ಕೋರು ಅತ್ತಿದ್ದು ಯಾವ ಪುಟಕ್ಕೆ ಎಂದು ಯಾರಾದರೂ ಮತ್ತೆ ಕೇಳಲಿ.

ನೂರ ಎಂಬತ್ತಾರನೆಯ ಪುಟಕ್ಕೆ.